ಆಗದು ಎನ್ನುವ ಬಾಯಿ, ಕೇಳುವ ಕಿವಿ



ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕಿನ ಜನಕ್ಕೆ ಮಾತು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನೀವು ನಕ್ಕುಬಿಡುತ್ತೀರಿ. ಮಳೆಗಾಲದಲ್ಲಿ ತೋಟದ ಕೆಲಸ ಸ್ವಲ್ಪ ಕಡಿಮೆಯಾಯಿತೆಂದರೆ ಎಲ್ಲಾದರೂ ಒಂದು ತಾಳಮದ್ದಲೆ ಇದ್ದೇ ಇರುತ್ತದೆ. ದೇವಸ್ಥಾನದ ಪೌಳಿಯಲ್ಲೋ ಯಾರದಾದರೂ ಮನೆಯ ಜಗಲಿಯಲ್ಲೋ ಕಂಬಳಿ ಹಾಸಿ, ಭಾಗವತರನ್ನೂ ಮದ್ದಲೆಯವರನ್ನೂ ನಡುವೆ ಕೂರಿಸಿ, ಎದುರು ಬದುರಾಗಿ ಅರ್ಥಧಾರಿಗಳು ಕೂತರೆ ಮುಗಿಯಿತು. ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಸಂಭಾಷಣೆಯೂ ಇಲ್ಲ. ಪದ್ಯ ಮುಗಿದ ಮೇಲೆ ಮಾತಿನಿಂದಲೇ ಎಲ್ಲವೂ ಆಗಬೇಕು. ಎದುರಿನವನು ಏನು ಕೇಳುತ್ತಾನೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಹಾಗಿದ್ದೂ ವಾಲಿ ಬಿದ್ದುಕೊಂಡೇ ರಾಮನನ್ನು ಗಂಟೆಗಟ್ಟಲೆ ಪ್ರಶ್ನಿಸುತ್ತಾನೆ, ರಾಮ ಉತ್ತರ ಕೊಡುತ್ತಾನೆ, ನಾವು ಕವಳ ಹಾಕಿಕೊಂಡು ಕೇಳುತ್ತೇವೆ.

ಅದೇ ನಾವು ಮರುದಿನ ಬೆಳಿಗ್ಗೆ ಮನೆಗೆ ಬಂದ ನೆಂಟರಿಗೆ ಒಂದು ಸಣ್ಣ ವಿಷಯಕ್ಕೆ ಆಗುವುದಿಲ್ಲ ಎಂದು ಹೇಳಲಾರದೆ ಒದ್ದಾಡುತ್ತೇವೆ. ‘ಅಡ್ಡಿಲ್ಲೆ’ ಎನ್ನುತ್ತೇವೆ, ‘ನೋಡನ’ ಎನ್ನುತ್ತೇವೆ. ಅವರು ಗೇಟು ದಾಟಿದ ಮೇಲೆ ಒಳಗೆ ಬಂದು ಹೆಂಡತಿಯ ಮೇಲೆ ಹಾರಾಡುತ್ತೇವೆ. ಇವತ್ತು ನಾನು ಹೇಳಹೊರಟದ್ದು ಇದರ ಬಗ್ಗೆ. ಮುದುಡಿಕೊಳ್ಳದೆ, ಮೇಲೆ ಬೀಳದೆ, ಇದ್ದುದನ್ನು ಇದ್ದ ಹಾಗೆ ಹೇಳುವ ಮಾತಿನ ಬಗ್ಗೆ.

ಈ ಮಾತಿಗೆ ನಮ್ಮಲ್ಲಿ ಪಾಠ ಇಲ್ಲವೆಂದಲ್ಲ. ಕೃಷ್ಣ ಸಂಧಾನ ಪ್ರಸಂಗವನ್ನು ಕೇಳದವರು ನಿಮ್ಮಲ್ಲಿ ಕಡಿಮೆ. ವನವಾಸ, ಅಜ್ಞಾತವಾಸ ಮುಗಿದಿದೆ. ಕೌರವರು ರಾಜ್ಯ ಕೊಡುತ್ತಿಲ್ಲ. ಕೃಷ್ಣ ಹಸ್ತಿನಾವತಿಗೆ ಹೊರಡುವ ಮುಂಚೆ ಒಬ್ಬೊಬ್ಬರ ಅಭಿಪ್ರಾಯ ಕೇಳುತ್ತಾನೆ. ಧರ್ಮರಾಯನದು ಒಂದೇ ಮಾತು: ಯುದ್ಧವೊಂದು ಬೇಡ, ಐದು ಊರು ಕೊಟ್ಟರೂ ಸಾಕು. ಭೀಮನಿಗೆ ಊರೂ ಬೇಡ ಕೇರಿಯೂ ಬೇಡ, ಗದೆ ಎತ್ತಬೇಕು. ದ್ರೌಪದಿ ಬಿಚ್ಚಿದ ಮುಡಿ ಹಿಡಿದುಕೊಂಡು ನನ್ನ ಮಾತು ಎಲ್ಲಿ ಹೋಯಿತು ಎಂದು ಕೇಳುತ್ತಾಳೆ. ಅಷ್ಟನ್ನೂ ಕೇಳಿಸಿಕೊಂಡು ಹೊರಟ ಕೃಷ್ಣ ಕೌರವನ ಸಭೆಯಲ್ಲಿ ಬೇಡುವುದೂ ಇಲ್ಲ, ಬೈಯುವುದೂ ಇಲ್ಲ. ಪಾಂಡವರಿಗೆ ಏನು ಸಲ್ಲಬೇಕು, ಯಾಕೆ ಸಲ್ಲಬೇಕು, ಸಲ್ಲದಿದ್ದರೆ ಮುಂದೇನು ಎಂದು ಹೇಳುತ್ತಾನೆ. ಒಳ್ಳೆಯ ಅರ್ಥಧಾರಿ ಕೃಷ್ಣ ಹೇಳುತ್ತಿದ್ದರೆ ಆ ಮೂರನೆಯದನ್ನು ಹೇಳುವಾಗ ದನಿ ಏರುವುದಿಲ್ಲ, ಇಳಿಯುತ್ತದೆ, ಗಮನಿಸಿ ನೋಡಿ.

ಇಲ್ಲೊಂದು ಸೊಗಸಾದ ಸಂಗತಿ ಇದೆ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಹೊರಟು ನಿಂತಾಗ ಭೀಮನೇ ಮೆತ್ತಗಾಗಿಬಿಡುತ್ತಾನೆ. ದುರ್ಯೋಧನನ ಹತ್ತಿರ ಗಡುಸಾಗಿ ಮಾತಾಡಬೇಡ, ಸಮಾಧಾನದಿಂದ ಹೇಳು, ಕುಲ ಉಳಿಯಲಿ ಎನ್ನುತ್ತಾನೆ. ಕೃಷ್ಣನಿಗೆ ಆಶ್ಚರ್ಯ, ಹದಿಮೂರು ವರ್ಷ ರಾತ್ರಿಯೆಲ್ಲ ಹಲ್ಲು ಕಡಿದವನು ನೀನೇನಾ ಎಂಬ ಧಾಟಿಯಲ್ಲಿ ಛೇಡಿಸುತ್ತಾನೆ. ನಾವು ಸಾಮಾನ್ಯವಾಗಿ ಜನರನ್ನು ಎರಡು ಪಾಲು ಮಾಡುತ್ತೇವೆ: ಇವನು ಪಾಪದವನು, ಅವನು ಜೋರಿನವನು ಎಂದು. ವ್ಯಾಸರಿಗೆ ಇಬ್ಬರೂ ಒಬ್ಬನೇ ಎಂದು ಗೊತ್ತಿತ್ತು. ಹತ್ತು ಸಲ ನುಂಗಿಕೊಂಡವನು ಹನ್ನೊಂದನೆಯ ಸಲ ಗದೆ ಎತ್ತುತ್ತಾನೆ. ಎತ್ತಿದ್ದಕ್ಕೆ ನಾಚಿ ಮತ್ತೆ ಹತ್ತು ಸಲ ನುಂಗುತ್ತಾನೆ.

ನಮ್ಮ ಊರಿನ ಒಂದು ಸಾಧಾರಣ ಪ್ರಸಂಗ ತೆಗೆದುಕೊಳ್ಳಿ. ದಾಯಾದಿಯೋ ಭಾವನೆಂಟನೋ ಸಂಜೆ ಹೊತ್ತಿಗೆ ಬರುತ್ತಾನೆ. ಆಸರಿಗೆ ಆಯಿತು, ಕವಳದ ತಟ್ಟೆ ಬಂತು, ಕೊಳೆರೋಗದ ಮಾತಾಯಿತು, ಮಂಗನ ಕಾಟದ ಮಾತಾಯಿತು. ಏಳುವ ಹೊತ್ತಿಗೆ, ಚಪ್ಪಲಿ ಹಾಕಿಕೊಳ್ಳುತ್ತ, ‘ಸೊಸೈಟಿಗೆ ಒಂದು ಸಹಿ ಹಾಕವಾಗಿತ್ತು ಭಾವ’ ಎನ್ನುತ್ತಾನೆ. ಸಾಲಕ್ಕೆ ಜಾಮೀನು. ಅವನ ಮುಖ ನೋಡಿದರೆ ಒಂದು ಸಹಿ ಎಂದರೆ ಮಸಿ ಮಾತ್ರ ಖರ್ಚು. ಕಾಯಿದೆ ಹಾಗೆ ಹೇಳುವುದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅವನು ಕಟ್ಟದಿದ್ದರೆ ಅಸಲು, ಬಡ್ಡಿ ಎಲ್ಲಕ್ಕೂ ನಿಮ್ಮನ್ನು ಕೇಳಬಹುದು. ಮೊದಲು ಅವನ ತೋಟ ಹರಾಜು ಹಾಕಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಹೇಳುವ ಹಕ್ಕು ಸಾಮಾನ್ಯವಾಗಿ ಜಾಮೀನುದಾರನಿಗೆ ಇಲ್ಲ. ಅಂದರೆ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದ ಆ ಒಂದು ಸಹಿ ನಿಮ್ಮ ತೋಟದ ಮೇಲೆಯೇ ಬಿದ್ದ ಹಾಗೆ.

ಇದು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಸಹಿ ಹಾಕುತ್ತೇವೆ. ಯಾಕೆಂದರೆ ಮುಂದಿನ ತಿಂಗಳು ಅವನ ಮನೆಯ ಉಪನಯನ. ನಮ್ಮ ಮನೆಯ ಶ್ರಾದ್ಧಕ್ಕೆ ಪರಿಚಾರಕ್ಕೆ ಬರುವವನು ಅವನೇ. ತೋಟಕ್ಕೆ ನೀರು ಬರುವ ಕಾಲುವೆ ಅವನ ಜಾಗದಲ್ಲಿ ಹಾದು ಬರುತ್ತದೆ. ಪಟ್ಟಣದ ಫ್ಲ್ಯಾಟಿನಲ್ಲಿ ಕೂತು ಆಗುವುದಿಲ್ಲ ಎಂದವನಿಗೆ ಮರುದಿನ ಬೇರೆ ಲಿಫ್ಟು ಹತ್ತಿದರೆ ಆಯಿತು. ಇಲ್ಲಿ ಅದೇ ಕಾಲುದಾರಿ, ಅದೇ ಹಾಲಿನ ಡೇರಿ, ಅದೇ ಪಂಕ್ತಿ.

ಸಹಿ ಹಾಕಲು ಮನಸ್ಸಿಲ್ಲದವರು ಇನ್ನೊಂದು ದಾರಿ ಹಿಡಿಯುತ್ತಾರೆ. ಸುಳ್ಳು ಕಾರಣ. ‘ನನ್ನದೇ ಒಂದು ಜಾಮೀನು ಬೇರೆಡೆ ಇದ್ದು’ ಎನ್ನುವುದು. ಯಾರು ಯಾರಿಗೆ ಎಲ್ಲಿ ಜಾಮೀನು ಎಂಬುದು ಊರಿಗೆಲ್ಲ ತಿಳಿದಿರುವ ನಮ್ಮ ಕಡೆ ಈ ಸುಳ್ಳು ವಾರ ಬಾಳುವುದಿಲ್ಲ. ‘ಮಗನ್ನ ಕೇಳವು, ಬೆಂಗಳೂರಿಂದ ಅವ ಬರ್ಲಿ’ ಎನ್ನುವುದು ಇನ್ನೊಂದು. ಮಗ ದೀಪಾವಳಿಗೆ ಬರುತ್ತಾನೆ, ಭಾವನೂ ಬರುತ್ತಾನೆ. ಮೂರನೆಯ ದಾರಿ, ‘ನೋಡನ’ ಎಂದು ಹೇಳಿ ಫೋನು ಎತ್ತದಿರುವುದು. ಇದರಷ್ಟು ಕ್ರೂರವಾದದ್ದು ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ. ಕೇಳಿದವನು ಆಸೆಯಲ್ಲಿ ಕಾಯುತ್ತಾನೆ. ಬೇರೆ ಕಡೆ ಕೇಳುವುದಿಲ್ಲ. ಕಂತು ದಾಟುತ್ತದೆ. ಆಮೇಲೆ ಇಬ್ಬರಿಗೂ ಮಾತು ಇಲ್ಲ. ಒಂದು ‘ಆಗುವುದಿಲ್ಲ’ ಹೇಳಿದ್ದರೆ ಒಂದು ವಾರ ಮುಖ ಊದುತ್ತಿತ್ತು, ಅಷ್ಟೇ.

ಹಾಗಾದರೆ ಹೇಳುವುದು ಹೇಗೆ? ಇದನ್ನು ಒಂದು ವಿದ್ಯೆಯಾಗಿ ಕಲಿಸಬಹುದು ಎಂದು ಯೋಚಿಸಿದವರು ಇದ್ದಾರೆ. 1949ರಲ್ಲಿ ಅಮೆರಿಕದ ಆಂಡ್ರ್ಯೂ ಸಾಲ್ಟರ್ ಎಂಬ ಮನಶ್ಶಾಸ್ತ್ರಜ್ಞ, ಅನಿಸಿದ್ದನ್ನು ಹೊರಗೆ ಆಡದೆ ಅದುಮಿಟ್ಟುಕೊಳ್ಳುವುದೇ ಅನೇಕರ ಕಾಯಿಲೆಗೆ ಮೂಲ ಎಂದು ಬರೆದ. ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ ಆತನ ನಂತರ ಇನ್ನಷ್ಟು ಖಚಿತವಾಗಿ ಹೇಳಿದ: ನೇರವಾಗಿ ಮಾತಾಡುತ್ತಿರುವ ಹೊತ್ತಿನಲ್ಲಿ ಭಯಕ್ಕೆ ಜಾಗ ಕಡಿಮೆಯಾಗುತ್ತದೆ, ಆದ್ದರಿಂದ ಸಣ್ಣ ಸಣ್ಣ ಸಂದರ್ಭಗಳಲ್ಲಿ ಅಭ್ಯಾಸ ಮಾಡಿದರೆ ಭಯವೇ ಇಳಿಯುತ್ತದೆ. 1970ರಲ್ಲಿ ಆಲ್ಬರ್ಟಿ ಮತ್ತು ಎಮನ್ಸ್ ಎಂಬಿಬ್ಬರು, 1975ರಲ್ಲಿ ಮ್ಯಾನ್ಯುಯಲ್ ಸ್ಮಿತ್ ಎಂಬಾತ ಇದನ್ನು ಸಾಮಾನ್ಯ ಜನರಿಗೆ ಪುಸ್ತಕ ಮಾಡಿ ಕೊಟ್ಟರು. ಸ್ಮಿತ್ ಹೇಳಿದ ಒಂದು ಉಪಾಯ ನನಗೆ ಹಿಡಿಸಿದ್ದು. ಎದುರಿನವನು ಎಷ್ಟು ಸಲ, ಎಷ್ಟು ಬಗೆಯಲ್ಲಿ ಒತ್ತಿದರೂ ನೀವು ಹೇಳುವ ವಾಕ್ಯವನ್ನು ಬದಲಿಸಬೇಡಿ; ಸಿಟ್ಟಿಲ್ಲದೆ ಅದನ್ನೇ ಮತ್ತೆ ಹೇಳಿ. ಹೊಸ ಹೊಸ ಕಾರಣ ಕೊಡುತ್ತ ಹೋದರೆ ಅವನು ಒಂದೊಂದನ್ನೇ ಮುರಿಯುತ್ತ ಬರುತ್ತಾನೆ. ಕಾರಣವೇ ಕೊಡದಿದ್ದರೆ ಮುರಿಯಲು ಏನೂ ಸಿಗುವುದಿಲ್ಲ.

ಈ ಪುಸ್ತಕಗಳಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಅವುಗಳಲ್ಲಿ ಬರುವ ಮನುಷ್ಯ ಬಹಳ ಒಂಟಿ. ಅವನಿಗೆ ಹಕ್ಕುಗಳಿವೆ, ನೆಂಟರಿಲ್ಲ. ‘ಕಾರಣ ಕೊಡಬೇಕಾದ್ದಿಲ್ಲ’ ಎಂಬುದು ಮನೆ ಬಾಗಿಲಿಗೆ ಬಂದ ಮಾರಾಟಗಾರನ ಹತ್ತಿರ ಸರಿ. ಭಾವನ ಹತ್ತಿರ ಅದು ಬಾಗಿಲು ಹಾಕಿದ ಹಾಗೆ. ನಮ್ಮಲ್ಲಿ ಕಾರಣ ಒಂದು ಕೊಡಬೇಕು. ಆದರೆ ಅದು ನಿಜವಾದ ಕಾರಣ ಆಗಿರಬೇಕು, ಒಂದೇ ಆಗಿರಬೇಕು. ‘ಭಾವ, ಜಾಮೀನಿಗೆ ಯಾರಿಗೂ ಸಹಿ ಹಾಕುವುದು ಬೇಡ ಎಂದು ನಾವು ಮನೆಯಲ್ಲಿ ತೀರ್ಮಾನ ಮಾಡಿದ್ದೇವೆ. ಯನ್ನತ್ರ ಆಗ್ತಿಲ್ಲೆ. ನಿನಗೆ ಎಷ್ಟು ಬೇಕು, ಯಾವುದಕ್ಕೆ ಬೇಕು ಹೇಳು, ಬೇರೆ ಏನು ಮಾಡಬಹುದು ನೋಡುವ.’ ಇದರಲ್ಲಿ ಕೊನೆಯ ವಾಕ್ಯ ಉಪಚಾರಕ್ಕೆ ಹೇಳಿದ್ದಾದರೆ ಹೇಳಲೇಬೇಡಿ. ನಿಜವಾಗಿ ಕೂತು ನೋಡುವ ಮನಸ್ಸಿದ್ದರೆ ಮಾತ್ರ ಹೇಳಿ. ಮತ್ತೆ ಇನ್ನೊಂದು: ಮನೆಯಲ್ಲಿ ತೀರ್ಮಾನ ಮಾಡಿದ್ದೇವೆ ಎನ್ನುವ ಮೊದಲು ಮನೆಯಲ್ಲಿ ತೀರ್ಮಾನ ಮಾಡಿರಬೇಕು. ಹೆಂಡತಿ ಒಳಗಿನಿಂದ ‘ಯಾವಾಗ ಮಾಡಿದ್ದು’ ಎಂದರೆ ಕಷ್ಟ.

ಒಬ್ಬೊಬ್ಬರೇ ಹೇಳಲಾರದ್ದನ್ನು ಈ ಸೀಮೆಯವರು ಒಟ್ಟಾಗಿ ಚೆನ್ನಾಗಿಯೇ ಹೇಳಿದ್ದಾರೆ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆ ಬಂದಾಗ ಮುಳುಗಲಿದ್ದದ್ದು ಯಲ್ಲಾಪುರ, ಶಿರಸಿ ಕಡೆಯ ತೋಟ, ಕಾಡು, ಮನೆ. ಆಗ ಸರಕಾರಕ್ಕೆ ಎದುರಾಗಿ ಕೂಗುವುದು ಸುಲಭವಿತ್ತು; ಪರಿಹಾರ ಎಷ್ಟು ಸಿಗಬಹುದೆಂದು ಲೆಕ್ಕ ಹಾಕಿ ಸುಮ್ಮನಾಗುವುದು ಇನ್ನೂ ಸುಲಭವಿತ್ತು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1981ರ ಜನವರಿಯಲ್ಲಿ ಒಂದು ವಿಚಾರಸಂಕಿರಣ ಕರೆಯಿತು. 1923ರಲ್ಲಿ ಅಡಕೆ ಮಾರುವುದಕ್ಕೆಂದು ಬೆಳೆಗಾರರೇ ಕಟ್ಟಿಕೊಂಡ ಸಂಸ್ಥೆ ಅದು. ವಿಜ್ಞಾನಿಗಳು, ಅರ್ಥಶಾಸ್ತ್ರ ಬಲ್ಲವರು ಬಂದರು. ಯೋಜನೆಯಿಂದ ಬರುವುದೆಷ್ಟು, ಹೋಗುವುದೆಷ್ಟು ಎಂದು ಲೆಕ್ಕ ಇಟ್ಟರು. ಸರಕಾರದ ಲೆಕ್ಕಕ್ಕೆ ಎದುರಾಗಿ ಜನರ ಲೆಕ್ಕ. ಆ ಪ್ರಬಂಧಗಳು ದೊಡ್ಡ ಅಣೆಕಟ್ಟುಗಳನ್ನು ಮರುಚಿಂತಿಸುವ ಪುಸ್ತಕವಾಗಿ ಹೊರಬಂದವು. ಯೋಜನೆ ಹಿಂದೆ ಬಿತ್ತು. ಮೀಮಾಂಸೆ ಓದಿದವರ ಮನೆಗಳಿರುವ ಊರು ಇದು. ಪೂರ್ವಪಕ್ಷವನ್ನು ಅದರ ಪೂರ್ತಿ ಬಲದಲ್ಲಿ ಎದುರಿಗಿಟ್ಟು, ಆಮೇಲೆ ಉತ್ತರ ಕೊಡಬೇಕು ಎಂಬ ಕ್ರಮ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಎದುರಿನವನ ಮಾತನ್ನು ಅವನಿಗಿಂತ ಚೆನ್ನಾಗಿ ನೀವೇ ಹೇಳಿಬಿಟ್ಟರೆ ಅವನಿಗೆ ಕೂಗುವ ಅಗತ್ಯ ಬೀಳುವುದಿಲ್ಲ. ಸಭೆಯಲ್ಲೂ ಹೌದು, ಜಗಲಿಯಲ್ಲೂ ಹೌದು.

ಎರಡು ವರ್ಷ ಕಳೆದು 1983ರ ಸೆಪ್ಟೆಂಬರ್ 8. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ, ಗಂಡಸರು, ಹೆಂಗಸರು, ಮಕ್ಕಳು, ಕಳಾಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳುವಳಿ ಶುರುವಾದದ್ದು ಹಾಗೆ. ಅದನ್ನು ಮುನ್ನಡೆಸಿದ ಪಾಂಡುರಂಗ ಹೆಗಡೆಯವರ ಹೆಸರು ನಿಮಗೆಲ್ಲ ಗೊತ್ತು. ಹಿಮಾಲಯದ ಚಿಪ್ಕೋ ಚಳುವಳಿಯ ಸುಂದರಲಾಲ್ ಬಹುಗುಣ ಇಲ್ಲಿಗೆ ಬಂದು ಹೋಗಿದ್ದೂ ಗೊತ್ತು. ಜನ ಒಮ್ಮೆಲೇ ಕಾಡಿಗೆ ನುಗ್ಗಿದವರಲ್ಲ. ಮರ ಕಡಿಯುವುದು ನಿಲ್ಲಿಸಿ ಎಂದು ಮೊದಲು ಅರಣ್ಯ ಇಲಾಖೆಗೆ ಬರೆದು ಕೇಳಿದ್ದರು. ಉತ್ತರ ಸಿಗದೆ ಹೋದದ್ದಕ್ಕೆ ಕೊಡಲಿಗೆ ಕೊಡಲಿ ಎತ್ತಲಿಲ್ಲ. ಕೊಡಲಿಗೂ ಮರಕ್ಕೂ ನಡುವೆ ತಮ್ಮ ಮೈ ಇಟ್ಟು ನಿಂತರು. ಕಡಿಯಲು ಬಂದವರು ಗುತ್ತಿಗೆದಾರನ ಕೂಲಿಯವರು ಎಂಬುದನ್ನು ಮರೆಯಲೂ ಇಲ್ಲ. ಅವರ ಹತ್ತಿರ ಜಗಳಕ್ಕೆ ನಿಲ್ಲದೆ ಮಾತಾಡಿದರು, ಇಲ್ಲಿ ಮರ ಕಡಿಯುವುದಿಲ್ಲ ಎಂದು ಆಣೆ ಮಾಡಿಸಿ ಕಳಿಸಿದರು. ಐದಾರು ವಾರ ಕಾಡಿನಲ್ಲಿ ಪಾಳಿಯ ಮೇಲೆ ಕಾವಲು ಕೂತರು. ಮಳೆ ಇನ್ನೂ ಬಿಟ್ಟಿರಲಿಲ್ಲ, ಉಂಬಳದ ಕಾಲ. ಉಂಬಳ ಹತ್ತಿದ ಕಾಲಲ್ಲಿ ನಿಂತು ಸಮಾಧಾನದ ಮಾತಾಡುವುದು ಏನು ಎಂದು ಈ ಕಡೆಯ ಕೇಳುಗರಿಗೆ ನಾನು ಬಿಡಿಸಿ ಹೇಳಬೇಕಾದ್ದಿಲ್ಲ.

ಇದರಲ್ಲಿ ಇನ್ನೊಂದು ಎಳೆ ಇದೆ. ಆ ವರ್ಷ ಜನವರಿಯಲ್ಲಿ ರಾಜ್ಯದ ಮುಖ್ಯಮಂತ್ರಿಯಾದವರು ರಾಮಕೃಷ್ಣ ಹೆಗಡೆ. ಸಿದ್ದಾಪುರದ ದೊಡ್ಮನೆಯವರು, ನಮ್ಮವರು ಎಂದು ಇಡೀ ಸೀಮೆ ಹೆಮ್ಮೆಪಟ್ಟ ಹೊತ್ತು. ಎಂಟು ತಿಂಗಳಿಗೇ ಅವರ ಸರಕಾರದ ಇಲಾಖೆಗೆ ಎದುರಾಗಿ ಆಗದು ಎಂದು ಹೇಳಬೇಕಾಯಿತು. ಪರಕೀಯ ಸರಕಾರಕ್ಕೆ ಆಗದು ಎನ್ನಲು ಎದೆಗಾರಿಕೆ ಬೇಕು. ನಮ್ಮವನಿಗೆ ಹೇಳಲು ಅದರ ಮೇಲೆ ಇನ್ನೂ ಏನೋ ಬೇಕು. ನಮ್ಮವನಾದ್ದರಿಂದ ಬೈಯುವ ಹಾಗಿಲ್ಲ, ನಮ್ಮವನೆಂದು ಬಿಡುವ ಹಾಗೂ ಇಲ್ಲ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಜಗಲಿಯ ಮೇಲೆ ಕೂತವರ ಮಾತು. ಅಂಗಳದಲ್ಲಿ ನಿಂತವನು ಆಗದು ಎನ್ನುವುದು ಹೇಗೆ?

ಕೊನೆ ಕೊಯ್ಲಿನ ಕಾಲ ನೆನಪಿಗೆ ತಂದುಕೊಳ್ಳಿ. ಅಡಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಈಗ ಊರಿಗೆ ಒಬ್ಬರೋ ಇಬ್ಬರೋ. ಬೇಕಾದ ಮನೆಗಳು ಮೂವತ್ತು. ರಾಶಿ ಮಾಡುವ ಅಡಕೆಗೆ ಕಾಯಿ ಹಸಿರಿರುವಾಗಲೇ ಕೊನೆ ಇಳಿಯಬೇಕು. ಒಂದು ವಾರ ತಡವಾದರೆ ಹಣ್ಣಾಗಿ, ಬೇಯಿಸಿ ಕೆಂಪಡಕೆ ಮಾಡುವ ಬದಲು ಒಣಗಿಸಿ ಚಾಲಿಗೆ ಹಾಕಬೇಕಾಗುತ್ತದೆ. ಸುಲಿಯುವವರಿಗೆ ಹೇಳಿಟ್ಟಿರುತ್ತದೆ, ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂರಲು ಹೆಂಗಸರು ಬಂದಿರುತ್ತಾರೆ, ಒಲೆಗೆ ಕಟ್ಟಿಗೆ ಸೇರಿಸಿಟ್ಟಿರುತ್ತದೆ. ತೋಟದ ಯಜಮಾನ ಹೆಗಡೇರು ಫೋನು ಮಾಡುತ್ತಾರೆ: ‘ಗೌಡ, ಬುಧವಾರ ಬತ್ಯನೋ?’ ಅವನು ಹೇಳುತ್ತಾನೆ: ‘ಬತ್ತೆ ಹೆಗಡೇರೇ.’ ಅದೇ ಬುಧವಾರಕ್ಕೆ ಅವನು ಇನ್ನೂ ಮೂರು ಮನೆಗೆ ಬತ್ತೆ ಎಂದಿದ್ದಾನೆ. ಬುಧವಾರ ಬರುವುದಿಲ್ಲ. ಗುರುವಾರ ಫೋನು ಸ್ವಿಚ್ ಆಫ್. ಶುಕ್ರವಾರ ಪೇಟೆಯಲ್ಲಿ ಸಿಕ್ಕಾಗ ಹೆಗಡೇರು ನಾಲ್ಕು ಜನರ ಎದುರು ಬಾಯಿಗೆ ಬಂದದ್ದು ಅನ್ನುತ್ತಾರೆ. ಅವನು ತಲೆ ತಗ್ಗಿಸಿ ನಿಂತು ಕೇಳುತ್ತಾನೆ, ಮುಂದಿನ ವರ್ಷ ಆ ಮನೆಗೆ ಎಲ್ಲರಿಗಿಂತ ಕಡೆಗೆ ಹೋಗುತ್ತಾನೆ.

‘ಈ ಜನಕ್ಕೆ ಮಾತಿನ ಮೇಲೆ ನಿಗಾ ಇಲ್ಲ’ ಎಂದು ಜಗಲಿಯ ಮೇಲೆ ಕೂತು ಹೇಳುವುದನ್ನು ನೀವು ಕೇಳಿದ್ದೀರಿ. ಅವನ ಕಡೆಯಿಂದ ನೋಡಿ. ಅವನ ಅಪ್ಪ, ಅಜ್ಜ ಇದೇ ಅಂಗಳದಲ್ಲಿ ನಿಂತು ಬೆಳೆದವರು. ಆ ಅಂಗಳದಲ್ಲಿ ಆಗುವುದಿಲ್ಲ ಎಂಬ ಮಾತಿಗೆ ಎಂದೂ ಜಾಗವೇ ಇರಲಿಲ್ಲ. ಆಗುವುದಿಲ್ಲ ಎಂದರೆ ಸೊಕ್ಕು. ಬತ್ತೆ ಎಂದು ಹೇಳಿ ಬರದಿದ್ದರೆ ಬರಿಯ ಸೋಮಾರಿತನ. ಸೊಕ್ಕಿಗೆ ಶಿಕ್ಷೆ ದೊಡ್ಡದು, ಸೋಮಾರಿತನಕ್ಕೆ ಬೈಗುಳ ಮಾತ್ರ. ಅವನು ಲೆಕ್ಕ ಸರಿಯಾಗಿಯೇ ಹಾಕಿದ್ದಾನೆ. ಅವನಿಗೆ ಹೋಗಿ ‘ನೇರವಾಗಿ ಮಾತಾಡಲು ಕಲಿ’ ಎಂದು ಭಾಷಣ ಮಾಡಿದರೆ, ಅದರ ಬೆಲೆ ಯಾರು ಕೊಡಬೇಕು ಎಂದು ಅವನು ಕೇಳಬಹುದು. ಕೇಳುವುದಿಲ್ಲ ಬಿಡಿ. ‘ಹೌದು ಹೆಗಡೇರೇ’ ಎನ್ನುತ್ತಾನೆ.

ಮನೆಯ ಒಳಗೂ ಇದೇ. ಹನ್ನೊಂದೂವರೆಗೆ ನಾಲ್ಕು ಜನ ಬಂದರು, ಯಜಮಾನರು ‘ಊಟ ಮಾಡ್ಕಂಡೇ ಹೋಗವು’ ಎಂದುಬಿಟ್ಟರು. ಒಳಗೆ ಅಕ್ಕಿ ನೆನಸಿ ಎರಡು ದಿನದ ಜ್ವರದಲ್ಲಿ ನಿಂತವಳನ್ನು ಯಾರೂ ಕೇಳಲಿಲ್ಲ. ಅವಳು ಪಾತ್ರೆಯ ಸದ್ದಿನಲ್ಲಿ ಉತ್ತರ ಕೊಡುತ್ತಾಳೆ. ಪಾತ್ರೆಯ ಸದ್ದು ಜಗಲಿಗೆ ಕೇಳುತ್ತದೆ, ಅರ್ಥವೂ ಆಗುತ್ತದೆ, ಯಾರೂ ಉತ್ತರ ಕೊಡಬೇಕಾದ್ದಿಲ್ಲ. ಅದೇ ಅದರ ಅನುಕೂಲ, ಅದೇ ಅದರ ಸೋಲು.

ಇಂಥ ಮನೆಗಳ ಹೆಂಗಸರು ಒಮ್ಮೆ ಹೊರಗೆ ಬಂದು ಮಾತಾಡಿದ್ದುಂಟು. 1930ರ ದಶಕದ ಮೊದಲ ವರ್ಷಗಳಲ್ಲಿ ಸಿದ್ದಾಪುರ ಮತ್ತು ಅಂಕೋಲೆ ಕರನಿರಾಕರಣೆ ಚಳುವಳಿಯ ಕೇಂದ್ರಗಳಾದವು. ಕಂದಾಯ ಕೊಡದವರ ಹೊಲ, ತೋಟ, ದನಕರು, ಪಾತ್ರೆ ಪರಡಿ ಜಫ್ತಿಯಾಗಿ ಹರಾಜಾದವು. ಗಂಡಸರು ಜೈಲಿನಲ್ಲಿ. ಆಗ ಸಿದ್ದಾಪುರದ ಹೆಂಗಸರು ಹರಾಜಿನಲ್ಲಿ ಆಸ್ತಿ ಕೊಂಡವರ ಮನೆ ಬಾಗಿಲಿಗೆ ಹೋಗಿ ಕೂತರು, ಉಪವಾಸ ಮಾಡಿದರು. ಹೊಡೆತ ತಿಂದರು, ಎದ್ದು ಹೋಗಲಿಲ್ಲ. ಮಾವಿನಗುಂಡಿಯಲ್ಲಿ ಅವರ ಸ್ಮಾರಕ ಇದೆ. ಜೋಗಕ್ಕೆ ಹೋಗುವ ದಾರಿಯಲ್ಲಿ ಹೆಚ್ಚಿನವರು ಗಾಡಿ ನಿಲ್ಲಿಸುವುದಿಲ್ಲ. ಆ ಹೆಂಗಸರು ಸರಕಾರಿ ಕಚೇರಿಯ ಮುಂದೆ ಮಾತ್ರ ಕೂತಿದ್ದರೆ ನಾನು ಇಲ್ಲಿ ಆ ಕತೆ ಎತ್ತುತ್ತಿರಲಿಲ್ಲ. ಕೊಂಡವನ ಮನೆಯ ಮುಂದೆ ಕೂತರು. ಕೊಂಡವನ ಕಣ್ಣು ತಪ್ಪಿಸದೆ, ನೀನು ಮಾಡಿದ್ದು ಇದು, ನನಗೆ ಆದದ್ದು ಇದು, ನಾನು ಇಲ್ಲಿಂದ ಏಳುವುದಿಲ್ಲ ಎನ್ನುವುದು. ಬೈಗುಳ ಅದರಲ್ಲಿ ಬೇಕಾಗಿಯೇ ಇಲ್ಲ.

ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಎಂಬತ್ತರ ದಶಕದಲ್ಲಿ ನಡೆದದ್ದು ಇನ್ನೊಂದು ಬಗೆ. ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ಸಿದ್ದಿ ಜನರನ್ನು ಕಟ್ಟಿಕೊಂಡು ನಾಟಕ ಮಾಡಿಸಿದರು. ಆಫ್ರಿಕದ ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕ. ಆಫ್ರಿಕದಿಂದ ಬಂದ ಪೂರ್ವಜರ ಮಕ್ಕಳು, ಇಲ್ಲಿನ ಕಾಡಿನಂಚಿನಲ್ಲಿ ತಲೆಮಾರುಗಟ್ಟಲೆ ಇನ್ನೊಬ್ಬರ ತೋಟದಲ್ಲಿ ದುಡಿದವರು, ಬೆಳಕಿನಲ್ಲಿ ನಿಂತು ಎದುರು ನೋಡಿ ಮಾತಾಡಿದರು. ತೋಟದ ಯಜಮಾನರು ಕೆಳಗೆ ಕೂತು ಕೇಳಬೇಕಾಯಿತು. ಒಂದು ನಾಟಕದಿಂದ ಎಲ್ಲ ಬದಲಾಯಿತು ಎಂದು ಹೇಳಿದರೆ ಅದು ನಾಟಕದ ಮಾತಾದೀತು. ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ; ಅದಕ್ಕೆ ವರ್ಷಗಟ್ಟಲೆ ಮನವಿ, ಸಭೆ, ಓಡಾಟ ಬೇಕಾಯಿತು. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದದ್ದು 2020ರಲ್ಲಿ, ಆ ಸಮುದಾಯದಿಂದ ಮೊದಲಿಗರಾಗಿ. ಆದರೂ ಕೂತು ಕೇಳಿದ ಆ ಸಂಜೆಗಳಿಗೆ ಅದರದೇ ತೂಕ ಇದೆ.

ಹೀಗೆ ನೋಡುತ್ತ ಬಂದರೆ, ಹೇಳುವ ವಿದ್ಯೆಯ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಹೇಳಿಸಿಕೊಳ್ಳುವ ವಿದ್ಯೆಯನ್ನು ಯಾರೂ ಕಲಿಸುವುದಿಲ್ಲ ಎನಿಸುತ್ತದೆ. ತಾಳಮದ್ದಲೆಯಲ್ಲಿ ಈ ಎರಡನೆಯದಕ್ಕೂ ಕಟ್ಟಳೆ ಇದೆ. ಎದುರಿನ ಅರ್ಥಧಾರಿ ಮಾತಾಡುವಾಗ ನಡುವೆ ಬಾಯಿ ಹಾಕುತ್ತ ಹೋದರೆ ಭಾಗವತರು ಜಾಗಟೆ ಎತ್ತಿ ಪದ್ಯ ಶುರುಮಾಡಿಬಿಡುತ್ತಾರೆ. ಕೌರವ ಕೃಷ್ಣನ ಮಾತನ್ನು ಒಪ್ಪುವುದಿಲ್ಲ, ಆದರೆ ಪೂರ್ತಿ ಕೇಳುತ್ತಾನೆ. ಕೇಳದಿದ್ದರೆ ಅವನ ಉತ್ತರಕ್ಕೆ ಸೊಗಸು ಇರುವುದಿಲ್ಲ. ಸಂಧಾನ ಮುರಿದು ಬೀಳುತ್ತದೆ ಎಂದು ಪ್ರೇಕ್ಷಕರಿಗೂ ಗೊತ್ತು, ಕೃಷ್ಣನಿಗೂ ಗೊತ್ತು. ನೇರವಾಗಿ ಮಾತಾಡಿದವನಿಗೆ ಕೇಳಿದ್ದು ಸಿಕ್ಕೇ ಸಿಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಆಮೇಲೆ ಏನೇ ಆಗಲಿ, ಗೊತ್ತಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಆ ಮಾತಿನಿಂದ ಸಿಗುವುದು ಅಷ್ಟು.

ಈಚೆಗೆ ಈ ಸೀಮೆಯಲ್ಲಿ ಅತ್ಯಂತ ಸ್ಪಷ್ಟವಾಗಿ ಆಗದು ಎನ್ನುತ್ತಿರುವವರು ಯಾರು ಎಂದು ಕೇಳಿದರೆ, ನಮ್ಮ ಹುಡುಗಿಯರು ಎನ್ನುತ್ತೇನೆ. ತೋಟದ ಮನೆಗೆ ಮದುವೆಯಾಗಿ ಹೋಗುವುದಿಲ್ಲ ಎಂದು ಜಾತಕ ತಂದವರ ಎದುರೇ ಹೇಳುತ್ತಾರೆ. ಮೂವತ್ತೈದು ದಾಟಿದ ಗಂಡುಮಕ್ಕಳು ಮನೆ ಮನೆಯಲ್ಲಿ ಇದ್ದಾರೆ, ಹಿರಿಯರಿಗೆ ದುಃಖ ಇದೆ, ಅದು ಸುಳ್ಳಲ್ಲ. ಆ ದುಃಖದಲ್ಲಿ ಹುಡುಗಿಯರಿಗೆ ಓದಿದ ಸೊಕ್ಕು ಎಂದು ಹೇಳಿ ಮುಗಿಸುತ್ತಾರೆ. ಯಾಕೆ ಬೇಡ ಎಂದು ಕೂತು ಕೇಳಿದವರು ಎಷ್ಟು ಜನ? ಕೇಳಿದ್ದರೆ ಹನ್ನೊಂದೂವರೆಯ ಊಟದ ಕತೆ ಬರುತ್ತಿತ್ತು, ರಾತ್ರಿ ಹನ್ನೆರಡರವರೆಗೆ ಅಡಕೆ ಸುಲಿದ ಅಮ್ಮನ ಬೆನ್ನುನೋವಿನ ಕತೆ ಬರುತ್ತಿತ್ತು. ಕೆಲವು ಮನೆಗಳಲ್ಲಿ ಈಗ ಸುಲಿಯುವ ಯಂತ್ರ ಬಂದಿದೆ, ಅಡಿಗೆಮನೆಗೆ ಕಿಟಕಿ ಬಂದಿದೆ. ಯಾರೋ ಬೇಡ ಎಂದದ್ದರ ಫಲ ಅದರಲ್ಲಿ ಸ್ವಲ್ಪ ಇದ್ದೀತು.

ಕೊನೆಗೌಡನ ವಿಷಯಕ್ಕೂ ಒಂದು ದಾರಿ ಇದೆ, ಹೇಳಿ ಮುಗಿಸುತ್ತೇನೆ. ಮೊದಲ ಮಾತು ಬದಲಾಗಬೇಕಾದ್ದು ಹೆಗಡೇರದು. ‘ಬುಧವಾರ ಬತ್ಯನೋ’ ಎಂಬ ಪ್ರಶ್ನೆಗೆ ಬತ್ತೆ ಎಂಬ ಒಂದೇ ಉತ್ತರ ಹುಟ್ಟುತ್ತದೆ. ‘ಬುಧವಾರ ಯಾರ ಮನೆಗೆ ಹೇಳಿದ್ದೀಯ? ನಮ್ಮಲ್ಲಿ ಇನ್ನು ಹತ್ತು ದಿನ ತಡೆಯುತ್ತದೆ, ಅದರೊಳಗೆ ನಿನಗೆ ಯಾವ ದಿನ ಆದೀತು?’ ಎಂದು ಕೇಳಿದರೆ ಅವನು ಒಂದು ಕ್ಷಣ ಸುಮ್ಮನಾಗಬಹುದು. ಆ ಹೊತ್ತಿನಲ್ಲಿ ಅವಸರ ಮಾಡಿ ಫೋನಿನಲ್ಲಿ ‘ಹಲೋ ಹಲೋ’ ಎನ್ನಬೇಡಿ. ‘ಬುಧವಾರ ಆಗೂದಿಲ್ಲ ಹೆಗಡೇರೇ, ಶನಿವಾರ ಬತ್ತೆ’ ಎಂದು ಅವನ ಬಾಯಿಂದ ಬಂದರೆ, ‘ಯಾಕೆ ಆಗುವುದಿಲ್ಲ, ಅವರ ಮನೆಯೇ ಹೆಚ್ಚಾಯಿತೋ’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ಅಲ್ಲೇ ಬಿಟ್ಟು, ‘ಶನಿವಾರ ಎಷ್ಟು ಹೊತ್ತಿಗೆ? ಸುಲಿಯುವವರಿಗೆ ಹೇಳಬೇಕು’ ಎಂದು ಕೇಳಿ. ಶನಿವಾರಕ್ಕೆ ಎಂಟು ಗಂಟೆ ಎಂದರೆ ಎಂಟು ಗಂಟೆಗೆ ಮನೆಯಲ್ಲಿರಿ.